ಕರಗುವ ಸಸಿ ಕವರಿಗೆ ಕಲ್ಲಿನ ಪುಡಿ ಯಾಕೆ ಬೆರೆಸುತ್ತಾರೆ?

ಪ್ರಶ್ನೆ: ನಮ್ಮದು ಬೇಲೂರು ತಾಲೂಕಿನಲ್ಲಿ ಒಂದು ಸಣ್ಣ ಕಾಫಿ ನರ್ಸರಿ. ವರ್ಷಕ್ಕೆ ಹತ್ತು ಹನ್ನೆರಡು ಸಾವಿರ ಸಸಿ ಮಾಡುತ್ತೇವೆ. ನೆಟ್ಟ ಮೇಲೆ ಉಳಿಯುವ ಪಾಲಿಥೀನ್ ರಾಶಿ ನೋಡಿ ಬೇಸರವಾಗಿ, ಕಳೆದ ಸಲ ಮಣ್ಣಿನಲ್ಲಿ ಕರಗುವ ಕವರ್ ತರಿಸಿದೆ. ಮಣ್ಣು ತುಂಬುವಾಗಲೇ ಕೆಲವು ಹರಿದವು. ಏಪ್ರಿಲ್ ಮಳೆ ಬೀಳುವಷ್ಟರಲ್ಲಿ ಎಷ್ಟೋ ಕವರುಗಳ ತಳ ಕಳಚಿತ್ತು. ಈಗ ಇನ್ನೊಬ್ಬ ವ್ಯಾಪಾರಿ ‘ಮಿನರಲ್ ಹಾಕಿದ ಗಟ್ಟಿ ಕವರ್’ ತೋರಿಸಿದ್ದಾರೆ. ಪಕ್ಕದ ತೋಟದವರು ‘ಅದು ಸುಣ್ಣಕಲ್ಲಿನ ಪುಡಿ, ತೂಕ ಬರಲಿ ಅಂತ ಬೆರೆಸುತ್ತಾರೆ’ ಅನ್ನುತ್ತಾರೆ. ಯಾರ ಮಾತು ನಿಜ? ಆ ಪುಡಿಯಿಂದ ಸಸಿಗೆ ತೊಂದರೆ ಇದೆಯೇ? ನನ್ನ ತಮ್ಮನಿಗೆ ಕ್ರಷರ್ ಇದೆ, ಆ ಪುಡಿಯನ್ನೇ ಕೊಟ್ಟು ಕವರ್ ಮಾಡಿಸಬಹುದೇ? ಇನ್ನೊಂದು, ಹೋಂಸ್ಟೇಗೆ ತಂದ ಜೋಳದ ಪ್ಲಾಸ್ಟಿಕ್ ಲೋಟ ಬಿಸಿ ಕಾಫಿಗೆ ಮೆತ್ತಗಾಗಿ ಬಾಗುತ್ತದೆ. ಅದಕ್ಕೂ ಇದೇ ಮದ್ದೇ? ಎರಡೂ ಕವರಿನ ಚೂರು ಜೊತೆಗಿಟ್ಟಿದ್ದೇನೆ.

ಉತ್ತರ: ಚೂರುಗಳನ್ನು ಕಳಿಸಿದ್ದು ಬಹಳ ಒಳ್ಳೆಯದಾಯಿತು. ಇಲ್ಲಿ ಹಾಸನದಲ್ಲಿ ನನ್ನ ಮೇಜಿನ ಮೇಲೆ ಎರಡನ್ನೂ ಎಳೆದು, ಮುಳುಗಿಸಿ, ಸುಟ್ಟು ನೋಡಿದೆ. ವ್ಯಾಪಾರಿ ಹೇಳಿದ್ದೂ ನಿಜ, ಪಕ್ಕದ ತೋಟದವರು ಹೇಳಿದ್ದೂ ನಿಜ. ಅದು ಸುಣ್ಣಕಲ್ಲಿನ ಪುಡಿಯೇ. ಹದವಾಗಿ ಬೆರೆತರೆ ಅದು ಕವರಿಗೆ ಬಲ ಕೊಡುತ್ತದೆ. ಹದ ತಪ್ಪಿದರೆ ಅದೇ ಪುಡಿ ಕವರನ್ನು ಕೊಲ್ಲುತ್ತದೆ. ಆ ಹದ ಯಾವುದು ಅಂತ ನಿಮಗೆ ತಿಳಿದರೆ ನಾಳೆ ಯಾರೇ ಮಾರಲು ಬಂದರೂ ನೀವೇ ಕೇಳಿ ನೋಡಿ ತಗೊಳ್ಳಬಹುದು. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮೊದಲು ಹಳೇ ಕವರಿನ ಕಥೆ. ಕರಗುವ ಕವರುಗಳಲ್ಲಿ ಸಾಮಾನ್ಯವಾಗಿ ಎರಡು ಪ್ಲಾಸ್ಟಿಕ್ ಸೇರಿರುತ್ತವೆ. ಒಂದು ಪಿಎಲ್‌ಎ. ಮೆಕ್ಕೆಜೋಳ, ಕಬ್ಬಿನ ಸಕ್ಕರೆಯನ್ನು ಹುಳಿಸಿ ಬರುವ ಲ್ಯಾಕ್ಟಿಕ್ ಆಮ್ಲದಿಂದ ಮಾಡಿದ್ದು. ಮೊಸರಿನ ಹುಳಿಯೂ ಅದೇ ಆಮ್ಲ. ಪಿಎಲ್‌ಎ ಬಿರುಸು. ಹತ್ತು ಸೆಂಟಿಮೀಟರಿನ ಪಟ್ಟಿ ಹಿಡಿದು ಎಳೆದರೆ ಅರ್ಧ ಸೆಂಟಿಮೀಟರ್ ಜಗ್ಗುವಷ್ಟರಲ್ಲಿ ಪಟ್ ಅಂತ ತುಂಡಾಗುತ್ತದೆ. ಇನ್ನೊಂದು ಪಿಬಿಎಟಿ. ಇದು ಹುಟ್ಟುವುದು ಹೆಚ್ಚಾಗಿ ಪೆಟ್ರೋಲಿಯಂನಿಂದ, ಆದರೂ ಮಣ್ಣಿನ ಸೂಕ್ಷ್ಮಜೀವಿಗಳು ತಿನ್ನಬಲ್ಲವು. ಇದು ರಬ್ಬರಿನ ಹಾಗೆ ಮೆತ್ತಗೆ, ಮೊದಲಿನ ಉದ್ದದ ಐದಾರು ಪಟ್ಟು ಜಗ್ಗುತ್ತದೆ. ಬರೀ ಪಿಎಲ್‌ಎ ಇದ್ದರೆ ಕವರ್ ಒಣ ಎಲೆಯ ಹಾಗೆ ಮುರಿಯುತ್ತದೆ. ಬರೀ ಪಿಬಿಎಟಿ ಇದ್ದರೆ ಮಣ್ಣಿನ ಭಾರಕ್ಕೆ ಹೊಟ್ಟೆ ಬಿಡುತ್ತದೆ, ಒಂದಕ್ಕೊಂದು ಅಂಟಿಕೊಂಡು ಬಾಯಿ ಬಿಡಿಸುವುದೇ ಕೆಲಸವಾಗುತ್ತದೆ. ಹಾಗಾಗಿ ಎರಡನ್ನೂ ಬೆರೆಸುತ್ತಾರೆ. ಕೆಲವರು ಅಗ್ಗವಾಗಲಿ ಅಂತ ಪಿಷ್ಟವನ್ನೂ ಸೇರಿಸುತ್ತಾರೆ.

ನೀವು ಕಳಿಸಿದ ಹಳೇ ಚೂರಿನ ತಳ ನೋಡಿದೆ. ಬೆಸುಗೆ ಹಾಕಿದ ಗೆರೆ ಹಾಗೇ ಗಟ್ಟಿಯಾಗಿದೆ. ಹರಿದದ್ದು ಆ ಗೆರೆಯ ಎರಡು ಮಿಲಿಮೀಟರ್ ಮೇಲೆ, ನೇರವಾಗಿ, ಕತ್ತರಿಸಿದ ಹಾಗೆ. ಅಂದರೆ ಬೆಸುಗೆಯ ಶಾಖಕ್ಕೆ ಪಕ್ಕದ ಹಾಳೆ ತೆಳುವಾಗಿ ಬಿರುಸಾಗಿತ್ತು. ಇನ್ನೊಂದು ತುದಿಯಲ್ಲಿ, ನೀರು ಇಳಿಯಲು ಹೊಡೆದ ತೂತಿನಿಂದ ತೂತಿಗೆ ಬಿರುಕು ಓಡಿದೆ. ಉದ್ದಕ್ಕೆ ಹರಿದರೆ ಸರ್ ಅಂತ ಹೋಗುತ್ತದೆ, ಅಡ್ಡಕ್ಕೆ ಹರಿದರೆ ಸ್ವಲ್ಪ ತಡೆಯುತ್ತದೆ. ಪಿಎಲ್‌ಎ ಜಾಸ್ತಿಯಾದ ಹಾಳೆಯ ಲಕ್ಷಣ ಇದು. ಮೇಲಾಗಿ ಈ ಜಾತಿಯ ಪ್ಲಾಸ್ಟಿಕ್‌ಗಳು ಬಿಸಿ ಗೋಡೌನಿನಲ್ಲಿ, ತೇವದಲ್ಲಿ ತಿಂಗಳುಗಟ್ಟಲೆ ಕೂತರೆ ಬಳಸುವ ಮೊದಲೇ ಸೊರಗುತ್ತವೆ. ಪಾಲಿಥೀನ್ ಹಾಗಲ್ಲ, ಹತ್ತು ವರ್ಷ ಅಟ್ಟದ ಮೇಲಿದ್ದರೂ ಅದೇ ಕವರ್. ಕರಗುವ ಕವರನ್ನು ಬಿತ್ತನೆ ಬೀಜದ ಹಾಗೆ ನೋಡಿ. ಯಾವ ತಿಂಗಳು ಮಾಡಿದ್ದು ಅಂತ ಕೇಳದೆ ತಗೋಬೇಡಿ.

ಈಗ ಪುಡಿಯ ವಿಷಯ.

ಕಲ್ಲು ಪ್ಲಾಸ್ಟಿಕ್‌ಗಿಂತ ಹತ್ತಾರು ಪಟ್ಟು ಬಿರುಸು ಅಲ್ವಾ? ಮೆತ್ತಗಿನ ಪ್ಲಾಸ್ಟಿಕ್ಕಿನೊಳಗೆ ಕಲ್ಲಿನ ಕಣಗಳನ್ನು ಒತ್ತೊತ್ತಾಗಿ ಹರಡಿದರೆ, ಎಳೆದಾಗ ಆ ಕಣಗಳು ಜಗ್ಗುವುದಿಲ್ಲ. ಸುತ್ತಲಿನ ಪ್ಲಾಸ್ಟಿಕ್ ಅವುಗಳನ್ನು ಹಿಡಿದುಕೊಂಡು ಭಾರ ಹಂಚಿಕೊಳ್ಳುತ್ತದೆ. ಹಾಳೆಗೆ ಮೈ ಬರುತ್ತದೆ. ತುಂಬಿದ ಕವರ್ ನೆಟ್ಟಗೆ ನಿಲ್ಲುತ್ತದೆ. ಕವರುಗಳು ಒಂದಕ್ಕೊಂದು ಅಂಟುವುದೂ ಕಡಿಮೆ, ಯಾಕಂದರೆ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಉಬ್ಬುತಗ್ಗು ಇರುತ್ತದೆ. ನೀವು ಬೆರಳಲ್ಲಿ ಮುಟ್ಟಿ ನೋಡಿದರೆ ಸಿಗುವ ಆ ಒಣ ಸ್ಪರ್ಶ ಅದೇ. ಮುಖ್ಯವಾಗಿ, ಪುಡಿ ಸೇರಿಸಿದರೆ ಪಿಬಿಎಟಿಯನ್ನು ಗಟ್ಟಿ ಮಾಡಲು ಅಷ್ಟೊಂದು ಪಿಎಲ್‌ಎ ಬೇಕಾಗುವುದಿಲ್ಲ. ಬಿರುಸುತನವನ್ನು ಕಲ್ಲು ಕೊಡುತ್ತದೆ, ಜಗ್ಗುವ ಗುಣವನ್ನು ಪಿಬಿಎಟಿ ಉಳಿಸಿಕೊಳ್ಳುತ್ತದೆ. ನಿಮ್ಮ ಹಳೇ ಕವರಿಗೆ ಇದ್ದ ರೋಗಕ್ಕೆ ಇದು ನೇರವಾದ ಮದ್ದು.

ಆದರೆ ಮದ್ದಿಗೆ ಪಥ್ಯ ಉಂಟು. ನಮ್ಮ ಕಡೆ ಮುದ್ದೆ ಮಾಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಕುದಿಯುವ ಎಸರಿಗೆ ರಾಗಿ ಹಿಟ್ಟು ಸುರಿದು, ಕೋಲು ಹಿಡಿದು ಸರಿಯಾಗಿ ತೊಳಸದಿದ್ದರೆ ಏನಾಗುತ್ತದೆ? ಗಂಟು. ಹೊರಗೆ ಬೆಂದ ಪದರ, ಒಡೆದರೆ ಒಳಗೆ ಹಸಿ ಹಿಟ್ಟು. ಪ್ಲಾಸ್ಟಿಕ್ಕಿನಲ್ಲೂ ಹೀಗೇ. ಕಲ್ಲಿನ ಪುಡಿ ನುಣ್ಣಗಾದಷ್ಟೂ ಕಣಗಳು ಒಂದಕ್ಕೊಂದು ಅಂಟಿ ಗಂಟು ಕಟ್ಟುತ್ತವೆ. ಆ ಗಂಟಿನ ಒಳಗೆ ಪ್ಲಾಸ್ಟಿಕ್ ಹೋಗಿರುವುದಿಲ್ಲ. ಅಲ್ಲಿ ಹಿಡಿತವೇ ಇಲ್ಲ. ಎಳೆದ ತಕ್ಷಣ ಬಿರುಕು ಶುರುವಾಗುವುದು ಅಲ್ಲಿಂದಲೇ. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಒಂದೇ ಸಮನಾದ ಹಾಲಿನ ಬಣ್ಣ ಇದ್ದರೆ ಒಳ್ಳೆಯದು. ಅಲ್ಲಲ್ಲಿ ಬಿಳಿ ಚುಕ್ಕೆ, ಅದರ ಸುತ್ತ ಕಣ್ಣಿನ ಆಕಾರದ ತೆಳು ಜಾಗ ಕಂಡರೆ ಅದು ಗಂಟು. ನೀವು ಕಳಿಸಿದ ಹೊಸ ಚೂರಿನಲ್ಲಿ ಅಂಗೈಯಗಲಕ್ಕೆ ಅಂಥದ್ದು ಒಂದೂ ಕಾಣಲಿಲ್ಲ. ಅದು ನನಗೆ ಸಮಾಧಾನ ಕೊಟ್ಟ ಮೊದಲ ಗುರುತು.

ಗಂಟು ತಪ್ಪಿಸಲು ಎರಡು ದಾರಿ. ಒಂದು, ಜೋಡಿ ಸ್ಕ್ರೂ ಇರುವ ಯಂತ್ರದಲ್ಲಿ ಪುಡಿಯನ್ನೂ ಪ್ಲಾಸ್ಟಿಕ್ಕನ್ನೂ ಚೆನ್ನಾಗಿ ಅರೆದು ಮೊದಲೇ ಕಾಳು ಮಾಡಿಟ್ಟುಕೊಳ್ಳುವುದು. ಇದಕ್ಕೆ ಮಾಸ್ಟರ್‌ಬ್ಯಾಚ್ ಅನ್ನುತ್ತಾರೆ. ಪುಡಿಯನ್ನು ನೇರವಾಗಿ, ಯಂತ್ರಕ್ಕೆ ಕಾಳು ಸುರಿಯುವ ಹಾಪರ್‌ಗೆ ಸುರಿದು, ಬಿಸಿ ಪ್ಲಾಸ್ಟಿಕ್ಕನ್ನು ಬಲೂನಿನ ಹಾಗೆ ಊದಿ ಕವರ್ ಮಾಡುವವರು ಬರೀ ಗಂಟನ್ನೇ ಮಾರುತ್ತಾರೆ. ಎರಡನೆಯದು, ಕಣಕ್ಕೆ ಜಿಡ್ಡಿನ ಹೊದಿಕೆ. ಸುಣ್ಣಕಲ್ಲಿನ ಪುಡಿಗೆ ಸ್ಟಿಯರಿಕ್ ಆಮ್ಲ ಸವರುತ್ತಾರೆ, ಸೋಪು ಮೇಣದಬತ್ತಿಗೆ ಹಾಕುವ ಅದೇ ಮೇಣದಂಥ ವಸ್ತು. ಪುಡಿಯ ತೂಕದ ನೂರಕ್ಕೆ ಸುಮಾರು ಒಂದು ಪಾಲು ಸಾಕು. ಅನ್ನಕ್ಕೆ ಒಂದು ಚಮಚ ತುಪ್ಪ ಹಾಕಿದರೆ ಅಗುಳು ಅಗುಳು ಬಿಡಿಯಾಗುತ್ತದಲ್ಲ, ಅದೇ ಲೆಕ್ಕ. ಕಣಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ, ತೇವವೂ ಬೇಗ ಹಿಡಿಯುವುದಿಲ್ಲ.

ಈ ಹೊದಿಕೆಯಿಂದ ಇನ್ನೊಂದು ಲಾಭವಿದೆ. ಇದನ್ನು ಮೊದಲ ಸಲ ನೋಡಿದಾಗ ನಾನೇ ಬೆರಗಾಗಿದ್ದೆ. ಹೊದಿಕೆ ಇದ್ದ ಕಣವನ್ನು ಪ್ಲಾಸ್ಟಿಕ್ ಅತಿಯಾಗಿ ಬಿಗಿದು ಹಿಡಿದಿರುವುದಿಲ್ಲ. ಜೋರಾಗಿ ಪೆಟ್ಟು ಬಿದ್ದಾಗ ಕಣದ ಸುತ್ತ ಪ್ಲಾಸ್ಟಿಕ್ ಸ್ವಲ್ಪ ಬಿಟ್ಟುಕೊಡುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ಪೊಳ್ಳು ಹುಟ್ಟುತ್ತದೆ. ಎರಡು ಪೊಳ್ಳುಗಳ ನಡುವಿನ ಪ್ಲಾಸ್ಟಿಕ್ ಎಳೆಯೆಳೆಯಾಗಿ ಜಗ್ಗಿ ಪೆಟ್ಟಿನ ಶಕ್ತಿಯನ್ನು ನುಂಗುತ್ತದೆ. ಲಕ್ಷಾಂತರ ಕಡೆ ಹೀಗಾದರೆ, ಒಂದೇ ದೊಡ್ಡ ಬಿರುಕು ಓಡುವ ಬದಲು ಹಾಳೆ ಬೆಳ್ಳಗಾಗಿ ನಿಲ್ಲುತ್ತದೆ. ಹೊಸ ಚೂರಿನ ಪಟ್ಟಿ ಕತ್ತರಿಸಿ ಎರಡು ಕೈಯಲ್ಲಿ ನಿಧಾನ ಎಳೆಯಿರಿ. ಎಳೆದ ಜಾಗ ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತಾ ಹೋಗುತ್ತದೆ. ಆ ಬಿಳುಪು ಈ ಪೊಳ್ಳುಗಳದ್ದೇ. ಪಿಎಲ್‌ಎಯಂಥ ಬಿರುಸು ಪ್ಲಾಸ್ಟಿಕ್ ಕೂಡ ಒಳ್ಳೇ ಹೊದಿಕೆಯ, ಒಂದು ಮೈಕ್ರಾನಿನ (ಮಿಲಿಮೀಟರಿನ ಸಾವಿರದ ಒಂದು ಪಾಲು) ಆಸುಪಾಸಿನ ಪುಡಿಯಿಂದ ಮೊದಲಿಗಿಂತ ಗಟ್ಟಿಮುಟ್ಟಾಗಬಹುದು. ಕಣ ದಪ್ಪವಾದರೆ ಈ ಲಾಭ ಹೋಯಿತು.

ನಿಮ್ಮ ತಮ್ಮನ ಕ್ರಷರ್ ಪುಡಿಗೆ ನಾನು ಬೇಡ ಅನ್ನುವುದು ಇದಕ್ಕೇ. ಮನೆ ಮುಂದೆ ಹಾಕುವ ರಂಗೋಲಿ ಪುಡಿಯನ್ನು ಬೆರಳ ನಡುವೆ ಉಜ್ಜಿ ನೋಡಿ. ತರಿ ಸಿಗುತ್ತದೆ. ಅದರಲ್ಲಿ ನೂರು ಮೈಕ್ರಾನಿಗಿಂತ ದಪ್ಪದ ಕಾಳು ಬೇಕಾದಷ್ಟು. ಕಾಫಿ ಸಸಿಗೆ ಬಳಸುವ 9 ಇಂಚು 6 ಇಂಚಿನ, 150 ಗೇಜಿನ ಕವರಿನ ದಪ್ಪ ಎಷ್ಟು? ಸುಮಾರು 37 ಮೈಕ್ರಾನ್. ಅಂದರೆ ರಂಗೋಲಿ ಪುಡಿಯ ಒಂದು ಕಾಳು ಕವರಿನ ಗೋಡೆಗಿಂತ ಎರಡು ಮೂರು ಪಟ್ಟು ದಪ್ಪ. ಕ್ರಷರ್ ಪುಡಿಯ ತರಿ ಇನ್ನೂ ದಪ್ಪ. ಅದು ಕವರಿಗೆ ತೂತೇ ಹೊರತು ಬಲ ಅಲ್ಲ. ಕವರಿಗೆ ಬೇಕಾದ್ದು ಒಂದೆರಡು ಮೈಕ್ರಾನಿನ ಪುಡಿ. ನೂರು ಮೈಕ್ರಾನಿನ ಪುಡಿಯನ್ನು ಒಂದು ಮೈಕ್ರಾನಿಗೆ ಅರೆದರೆ ಅಷ್ಟೇ ತೂಕಕ್ಕೆ ನೂರು ಪಟ್ಟು ಜಾಸ್ತಿ ಮೇಲ್ಮೈ ಸಿಗುತ್ತದೆ. ಪ್ಲಾಸ್ಟಿಕ್ ಹಿಡಿದುಕೊಳ್ಳುವುದು ಆ ಮೇಲ್ಮೈಯನ್ನೇ.

ಇನ್ನೂ ಒಂದು ಮಾತು. ನಮ್ಮ ಸುತ್ತಮುತ್ತಲಿನ ಕ್ರಷರ್‌ಗಳಲ್ಲಿ ಒಡೆಯುವುದು ಗ್ರಾನೈಟ್, ಗ್ನೈಸ್ ಜಾತಿಯ ಕಲ್ಲು. ಅದರಲ್ಲಿ ಬೆಣಚು ತುಂಬಿದೆ. ಗಡಸುತನ ಅಳೆಯುವ ಹತ್ತರ ಅಳತೆಯಲ್ಲಿ ಬೆಣಚು 7, ಸುಣ್ಣಕಲ್ಲಿನ ಕ್ಯಾಲ್ಸೈಟ್ 3, ಟಾಲ್ಕ್ 1. ಬೆಣಚಿನ ಪುಡಿ ಯಂತ್ರದ ಸ್ಕ್ರೂವನ್ನೇ ಸವೆಸಿಬಿಡುತ್ತದೆ. ಅದನ್ನು ನುಣ್ಣಗೆ ಅರೆಯಲು ಹೋದರೆ ಎದ್ದ ದೂಳು ಎದೆಗೆ ಹೋಗಿ ಸಿಲಿಕೋಸಿಸ್ ಅನ್ನುವ ಶ್ವಾಸಕೋಶದ ರೋಗ ತರುತ್ತದೆ. ದಯವಿಟ್ಟು ಆ ಪ್ರಯೋಗಕ್ಕೆ ಕೈ ಹಾಕಬೇಡಿ.

ಟಾಲ್ಕ್ ಅಂದೆ. ಬೇಲೂರಿನವರಿಗೆ ಅದರ ಪರಿಚಯ ಮಾಡಿಸಬೇಕಾಗಿಲ್ಲ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಸ್ಥಾನದ ಮದನಿಕೆಯರ ಬಳೆ, ಸರ, ಉಗುರಿನವರೆಗೂ ಉಳಿ ಓಡಿದ್ದು ಬಳಪದ ಕಲ್ಲು ಮೆದುವಾಗಿತ್ತು ಅಂತಲೇ. ಆ ಮೆದುತನ ಬರುವುದು ಟಾಲ್ಕ್, ಕ್ಲೋರೈಟ್‌ನಂಥ ಪದರ ಪದರದ ಖನಿಜಗಳಿಂದ. ಟಾಲ್ಕ್ ಪುಡಿಯ ಕಣ ಸುಣ್ಣಕಲ್ಲಿನ ಹಾಗೆ ಉಂಡೆಯಾಗಿರುವುದಿಲ್ಲ, ಚಪ್ಪಟೆ ಚಕ್ಕೆಯಾಗಿರುತ್ತದೆ. ಹಾಳೆಯೊಳಗೆ ಈ ಚಕ್ಕೆಗಳು ಮಲಗಿಕೊಂಡರೆ ಎರಡು ಕೆಲಸ ಆಗುತ್ತವೆ. ಅಷ್ಟೇ ತೂಕದ ಉಂಡೆ ಕಣಕ್ಕಿಂತ ಜಾಸ್ತಿ ಬಿರುಸು ಬರುತ್ತದೆ. ನೀರಿನ ಆವಿಗೆ ದಾರಿ ಸುತ್ತಾಗುತ್ತದೆ. ಮಲೆನಾಡಿನ ಹಂಚಿನ ಮಾಡು ನೆನಪಿಸಿಕೊಳ್ಳಿ. ಹಂಚಿನ ಮೇಲೆ ಹಂಚು ಕೂತಿದ್ದರೆ ಮಳೆನೀರಿಗೆ ನೇರ ಒಳಗೆ ಬರಲು ದಾರಿ ಇಲ್ಲ. ಕರಗುವ ಕವರುಗಳು ಪಾಲಿಥೀನಿಗಿಂತ ಎಷ್ಟೋ ಜಾಸ್ತಿ ಆವಿ ಬಿಡುತ್ತವೆ. ಮಾರ್ಚ್ ಬಿಸಿಲಿನಲ್ಲಿ ಕವರಿನ ಮಣ್ಣು ಬೇಗ ಒಣಗಿ ದಿನಾ ಜಾಸ್ತಿ ನೀರು ಹಾಕಬೇಕಾಗಿ ಬಂತಲ್ಲವೇ? ಪದರದ ಖನಿಜ ಅದನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಕೊರತೆ ಅಂದರೆ, ಇಂಥ ಹಾಳೆಗೆ ಜಗ್ಗುವ ಗುಣ ಬೇಗ ಕಡಿಮೆಯಾಗುತ್ತದೆ.

ಇನ್ನೂ ತೆಳು ಚಕ್ಕೆ ಬೇಕಾದರೆ ಜೇಡಿಮಣ್ಣಿನಲ್ಲಿ ಸಿಗುವ ಮಾಂಟ್‌ಮೊರಿಲೊನೈಟ್ ಇದೆ. ಅದರ ಒಂದು ಪದರದ ದಪ್ಪ ಒಂದೇ ನ್ಯಾನೋಮೀಟರ್, ಅಂದರೆ ಮೈಕ್ರಾನಿನ ಸಾವಿರದ ಒಂದು ಪಾಲು. ಜಪಾನಿನ ಟೊಯೋಟಾ ಸಂಶೋಧಕರು ಮೂವತ್ತಕ್ಕೂ ಹೆಚ್ಚು ವರ್ಷದ ಹಿಂದೆ ನೈಲಾನಿಗೆ ನೂರಕ್ಕೆ ನಾಲ್ಕೈದು ಪಾಲು ಇದನ್ನು ಬೆರೆಸಿ ಶಾಖ ತಡೆಯುವ ಶಕ್ತಿಯನ್ನು ಬಹಳ ಏರಿಸಿದ್ದರು. ಕರಗುವ ಪ್ಲಾಸ್ಟಿಕ್ಕಿನಲ್ಲೂ ಅದು ಕೆಲಸ ಮಾಡುತ್ತದೆ. ಆದರೆ ಪದರ ಬಿಡಿಸುವುದು ಕಷ್ಟ, ದುಬಾರಿ. ಐದು ತಿಂಗಳ ಸಸಿ ಕವರಿಗೆ ಅದು ಬೇಡ ಅಂತ ನನ್ನ ಅಭಿಪ್ರಾಯ.

ಎಷ್ಟು ಬೆರೆಸಬೇಕು? ಇಲ್ಲಿ ತೂಕ ನಮ್ಮನ್ನು ಮೋಸ ಮಾಡುತ್ತದೆ. ಸುಣ್ಣಕಲ್ಲಿನ ಸಾಂದ್ರತೆ ನೀರಿನ 2.7 ಪಟ್ಟು, ಈ ಪ್ಲಾಸ್ಟಿಕ್‌ಗಳದ್ದು 1.25 ಪಟ್ಟು. ನೂರು ಗ್ರಾಂನಲ್ಲಿ 20 ಗ್ರಾಂ ಕಲ್ಲು ಅಂದರೆ, ಜಾಗದ ಲೆಕ್ಕದಲ್ಲಿ ಅದು ನೂರಕ್ಕೆ ಹತ್ತೇ ಪಾಲು. ಹಾಳೆಯ ಗುಣ ಬದಲಾಗುವುದು ಜಾಗದ ಲೆಕ್ಕದ ಮೇಲೆ. ಹಾಗಾಗಿ ‘20 ಪರ್ಸೆಂಟ್ ಕಲ್ಲಾ!’ ಅಂತ ಗಾಬರಿ ಬೇಡ. ತೆಳು ಕವರಿಗೆ ತೂಕದಲ್ಲಿ 10ರಿಂದ 20 ಅಂದರೆ ನನಗೆ ಒಪ್ಪಿಗೆ. ಅದರಾಚೆ ಹೋದರೆ ಜಗ್ಗುವ ಗುಣ ಇಳಿಯುತ್ತದೆ, ಬೆಸುಗೆ ಹಿಡಿಯಲು ಬೇಕಾದ ಪ್ಲಾಸ್ಟಿಕ್ಕೇ ಕಡಿಮೆಯಾಗುತ್ತದೆ, ತಳದ ಸಮಸ್ಯೆ ಮತ್ತೆ ಬರುತ್ತದೆ.

ಪಕ್ಕದ ತೋಟದವರ ಅನುಮಾನಕ್ಕೂ ಇಲ್ಲೇ ಉತ್ತರ. ನಿಮ್ಮ ಅಳತೆಯ, 37 ಮೈಕ್ರಾನಿನ ಒಂದು ಕವರ್ ಪಾಲಿಥೀನಿನಲ್ಲಾದರೆ ಸುಮಾರು 2.4 ಗ್ರಾಂ ತೂಗುತ್ತದೆ, ಕಿಲೋಗೆ 420ರ ಹತ್ತಿರ ಬರುತ್ತವೆ. ಪುಡಿ ಇಲ್ಲದ ಕರಗುವ ಕವರ್ 3.2 ಗ್ರಾಂ, ಕಿಲೋಗೆ 310. ನೂರಕ್ಕೆ 20 ಪಾಲು ಸುಣ್ಣಕಲ್ಲು ಇದ್ದರೆ 3.6 ಗ್ರಾಂ, ಕಿಲೋಗೆ 275. ಕಿಲೋ ಲೆಕ್ಕದಲ್ಲಿ ಕೊಂಡರೆ ನಿಮಗೆ ನಷ್ಟ. ಇಲ್ಲವೇ ಅಷ್ಟೇ ಸಂಖ್ಯೆ ತೋರಿಸಲು ಅವರು ದಪ್ಪ ಕಡಿಮೆ ಮಾಡಿರುತ್ತಾರೆ. ಬೆಲೆಯನ್ನು ಒಂದು ಕವರಿಗೆ ಇಷ್ಟು ಅಂತ ಮಾತಾಡಿ, ದಪ್ಪವನ್ನು ಮೈಕ್ರಾನಿನಲ್ಲಿ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಮೋಸ ನಡೆಯುವುದು ಈ ತಕ್ಕಡಿಯಲ್ಲಿ. ಪುಡಿಯ ತಪ್ಪೇನೂ ಇಲ್ಲ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಹೇಳುತ್ತೇನೆ, ನಿಮ್ಮ ಚೂರಿಗೆ ನಾನು ಮಾಡಿದ್ದೇ. ಅರ್ಧ ಲೋಟ ನೀರಿಗೆ ಉಪ್ಪು ಹಾಕುತ್ತಾ ಕದಡಿ. ತಳದಲ್ಲಿ ಉಪ್ಪು ಕರಗದೆ ಉಳಿಯುವವರೆಗೂ ಹಾಕಿ. ನೂರು ಮಿಲಿಲೀಟರಿಗೆ ಸುಮಾರು 36 ಗ್ರಾಂ ಹಿಡಿಯುತ್ತದೆ. ಆ ತಿಳಿ ನೀರಿನ ಸಾಂದ್ರತೆ 1.2. ಕವರಿನ ಉಗುರಗಲದ ಚೂರಿಗೆ ಒಂದು ತೊಟ್ಟು ಸೋಪು ನೀರು ಸವರಿ, ಗಾಳಿಗುಳ್ಳೆ ಅಂಟದ ಹಾಗೆ ಒಳಗೆ ಒತ್ತಿ ಬಿಡಿ. ಪಾಲಿಥೀನ್ ತೇಲುತ್ತದೆ. ನೂರಕ್ಕೆ 20 ಪಾಲು ಸುಣ್ಣಕಲ್ಲು ಬೆರೆಸಿದ ಪಾಲಿಥೀನ್ ಸಾದಾ ನೀರಿನಲ್ಲಿ ಮುಳುಗಿದರೂ ಈ ಉಪ್ಪುನೀರಿನಲ್ಲಿ ತೇಲುತ್ತದೆ. ಪಿಬಿಎಟಿ, ಪಿಎಲ್‌ಎ ಇದ್ದದ್ದು ಮುಳುಗುತ್ತದೆ. ಸುಣ್ಣಕಲ್ಲು ಹಾಕಿದ ಪಾಲಿಥೀನನ್ನೇ ‘ಕರಗುವ ಕವರ್’ ಅಂತ ಮಾರುವವರು ಇಲ್ಲಿ ಸಿಕ್ಕಿಬೀಳುತ್ತಾರೆ. ನಿಮ್ಮ ಎರಡೂ ಚೂರು ತಳ ಸೇರಿದವು.

ಆಮೇಲೆ ಅಂಗಳದಲ್ಲಿ, ಗಾಳಿ ಬೀಸುವ ಕಡೆ ನಿಂತು, ಹೊಸ ಕವರಿನ ಒಂದು ಗ್ರಾಂ ಚೂರನ್ನು ಹಳೇ ಸ್ಟೀಲ್ ಸೌಟಿನಲ್ಲಿಟ್ಟು ಸುಟ್ಟೆ. ಮೊದಲು ಕಪ್ಪು, ಆಮೇಲೆ ಬೂದು, ಕೊನೆಗೆ ಬೆಳ್ಳಗೆ ಪುಡಿ ಉಳಿಯಿತು. ಸಣ್ಣ ತಕ್ಕಡಿಯಲ್ಲಿ 0.18 ಗ್ರಾಂ. ತಣ್ಣಗಾದ ಮೇಲೆ ಎರಡು ಹನಿ ನಿಂಬೆರಸ ಬಿಟ್ಟೆ. ಚುರ್ ಅಂತ ನೊರೆ ಎದ್ದಿತು. ಸುಣ್ಣಕಲ್ಲು ಅನ್ನುವುದಕ್ಕೆ ಅದು ಸಾಕ್ಷಿ. ಟಾಲ್ಕ್ ಆಗಿದ್ದರೆ ನೊರೆ ಬರುತ್ತಿರಲಿಲ್ಲ. ಇದು ಅಂದಾಜು ಲೆಕ್ಕ ಅಷ್ಟೇ. ಜೋರು ಉರಿಯಲ್ಲಿ ತುಂಬ ಹೊತ್ತು ಕಾಸಿದರೆ ಸುಣ್ಣಕಲ್ಲೇ ಸುಟ್ಟು ಸುಣ್ಣವಾಗಿ ತೂಕದಲ್ಲಿ ನೂರಕ್ಕೆ 44 ಪಾಲು ಕಳೆದುಕೊಳ್ಳುತ್ತದೆ, ಆಗ ಲೆಕ್ಕ ತಪ್ಪುತ್ತದೆ. ಪಕ್ಕಾ ಸಂಖ್ಯೆ ಬೇಕಾದರೆ ಮೈಸೂರಿನ ಸಿಪೆಟ್‌ನಂಥ ಪ್ಲಾಸ್ಟಿಕ್ ಪರೀಕ್ಷೆಯ ಸಂಸ್ಥೆಯಲ್ಲಿ ಮಾಡಿಸಬೇಕು. ಹಳೇ ಕವರಿನ ಚೂರು ಸುಟ್ಟಾಗ ಬೂದಿ ಹೆಚ್ಚು ಕಡಿಮೆ ಏನೂ ಉಳಿಯಲಿಲ್ಲ.

ತೇವದ ವಿಷಯ ನನ್ನ ಮನಸ್ಸಿನಲ್ಲಿ ಇನ್ನೂ ಕೊರೆಯುತ್ತದೆ. ಎಷ್ಟೋ ವರ್ಷದ ಹಿಂದೆ ಇದೇ ಜಿಲ್ಲೆಯ ಒಂದು ಕವರ್ ಘಟಕದಲ್ಲಿ ನಾನೇ ನಿಂತು ಇಂಥ ಹಾಳೆ ಊದಿಸುತ್ತಿದ್ದೆ. ಜುಲೈ ತಿಂಗಳು, ಮೂರು ದಿನದಿಂದ ಬಿಡದ ಜಡಿಮಳೆ. ಹಿಂದಿನ ಸಂಜೆ ಮಾಸ್ಟರ್‌ಬ್ಯಾಚ್ ಚೀಲದ ಬಾಯಿ ಕಟ್ಟಲು ನಾನು ಹೇಳಲಿಲ್ಲ. ಬೆಳಿಗ್ಗೆ ಒಣಗಿಸದೇ ಹಾಗೇ ಸುರಿಸಿದೆ. ಡೈ ಅನ್ನುವ ಯಂತ್ರದ ಬಾಯಿಯಿಂದ ಮೇಲೇಳುವ ಹಾಳೆಯ ಗುಳ್ಳೆಯಲ್ಲಿ ಮೊದಲು ಗೀಚಿದ ಹಾಗೆ ಗೆರೆ, ಆಮೇಲೆ ಅಕ್ಕಿಕಾಳಿನ ಆಕಾರದ ತೂತು, ಹತ್ತು ನಿಮಿಷಕ್ಕೊಮ್ಮೆ ಗುಳ್ಳೆ ಪಟ್ ಅಂತ ಒಡೆದು ಬೀಳುತ್ತಿತ್ತು. ಹೇಗೋ ಮೂರು ರೋಲ್ ಸುತ್ತಿದೆವು. ಮಾರನೇ ದಿನ ಮುಟ್ಟಿದರೆ ಹಪ್ಪಳ. ಆದದ್ದು ಇಷ್ಟೇ: ಪಿಎಲ್‌ಎ, ಪಿಬಿಎಟಿ ಎರಡೂ ಬಿಸಿಯಲ್ಲಿ ನೀರು ಕಂಡರೆ ತಮ್ಮ ಉದ್ದುದ್ದ ಅಣು ಸರಪಳಿಗಳನ್ನು ಕಡಿದುಕೊಳ್ಳುತ್ತವೆ. ಪಿಎಲ್‌ಎ ಕಾಳನ್ನು ಕರಗಿಸುವ ಮೊದಲು ಹತ್ತು ಲಕ್ಷಕ್ಕೆ 250 ಪಾಲಿಗಿಂತ ಕಡಿಮೆ ತೇವಕ್ಕೆ ಒಣಗಿಸಬೇಕು. ಕಲ್ಲಿನ ಪುಡಿ ತನ್ನ ಮೈಮೇಲೆ ತೇವ ಹೊತ್ತು ತಂದರೆ ಆ ಶ್ರಮವೆಲ್ಲ ವ್ಯರ್ಥ. ನಿಮ್ಮ ವ್ಯಾಪಾರಿಯನ್ನು ಕೇಳಬೇಕಾದ ಮುಖ್ಯ ಪ್ರಶ್ನೆ ಇದು: ಪುಡಿಗೆ ಹೊದಿಕೆ ಇದೆಯೇ, ಊದುವ ಮೊದಲು ಒಣಗಿಸಿದ್ದೀರಾ? ತಡವರಿಸಿದರೆ ಆ ಕವರ್ ಮಳೆಗಾಲದಲ್ಲಿ ಮಾಡಿದ್ದಾಗಿರದಂತೆ ನೋಡಿಕೊಳ್ಳಿ.

ಸಸಿಗೆ ತೊಂದರೆ ಇದೆಯೇ ಅಂತ ಕೇಳಿದ್ದೀರಿ. ಇಲ್ಲ. ಒಂದು ಕವರಿನಲ್ಲಿ ಇರುವುದು ಮುಕ್ಕಾಲು ಗ್ರಾಂಗಿಂತ ಕಡಿಮೆ ಸುಣ್ಣಕಲ್ಲು. ಕಾಫಿಗೆ ಬೇಕಾದ ಮಣ್ಣಿನ ಪಿಎಚ್ 6ರಿಂದ 6.5. ನಮ್ಮ ಮಲೆನಾಡಿನ ಮಣ್ಣು ಅದಕ್ಕಿಂತ ಹುಳಿ ಅಂತ ನೀವೇ ತೋಟಕ್ಕೆ ಸುಣ್ಣ, ಡೋಲೋಮೈಟ್ ಹಾಕುತ್ತೀರಿ. ಅದರ ಮುಂದೆ ಇದು ಚಿಟಿಕೆಯೂ ಅಲ್ಲ. ಟಾಲ್ಕ್ ಆದರೆ ಮಣ್ಣಿನಲ್ಲಿ ಸುಮ್ನೆ ಕಲ್ಲಾಗಿ ಉಳಿಯುತ್ತದೆ. ಸುಣ್ಣಕಲ್ಲಿನಿಂದ ಇನ್ನೊಂದು ಉಪಕಾರವೂ ಇದೆ. ಪಿಎಲ್‌ಎ ಒದ್ದೆಯಲ್ಲಿ ಒಡೆಯುತ್ತಾ ಹೋದಂತೆ ಲ್ಯಾಕ್ಟಿಕ್ ಆಮ್ಲ ಬಿಡುತ್ತದೆ, ಆ ಹುಳಿಯೇ ಉಳಿದ ಪ್ಲಾಸ್ಟಿಕ್ಕನ್ನು ಇನ್ನಷ್ಟು ಬೇಗ ಒಡೆಯುತ್ತದೆ. ಸುಣ್ಣಕಲ್ಲು ಹುಳಿಯನ್ನು ಮುರಿದು ಈ ಓಟವನ್ನು ನಿಧಾನ ಮಾಡುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಕವರಿಗೆ ಹಾಕಿದ ಟೋಪಿ ಹಂತದ (ಬೀಜ ಇನ್ನೂ ತಲೆಯ ಮೇಲಿರುವ) ಸಸಿ ಜೂನ್, ಜುಲೈನಲ್ಲಿ ಗುಂಡಿಗೆ ಹೋಗುವ ತನಕ ಕವರ್ ತಡೆಯಬೇಕಲ್ಲ. ಆ ಐದು ತಿಂಗಳಿಗೆ ಇದು ಅನುಕೂಲ.

ಆದರೆ ‘ಪೂರ್ತಿ ಕರಗುತ್ತದೆ, ಹಾಗೇ ನೆಡಿ’ ಅಂದರೆ ನಂಬಬೇಡಿ. ನಮ್ಮಲ್ಲಿ ಇಂಥ ಕವರುಗಳಿಗೆ ಅನ್ವಯಿಸುವ ಐಎಸ್ 17088 ಮಾನದಂಡ ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್ಕಿನದ್ದು. ಆ ಪರೀಕ್ಷೆ ನಡೆಯುವುದು ಸುಮಾರು 58 ಡಿಗ್ರಿ ಬಿಸಿಯ ಕಾಂಪೋಸ್ಟಿನಲ್ಲಿ. 180 ದಿನದೊಳಗೆ ನೂರಕ್ಕೆ 90 ಪಾಲು ಇಂಗಾಲ ಗಾಳಿಗೆ ಹೋಗಬೇಕು. ನಿಮ್ಮ ತೋಟದ ನೆರಳಿನ ಮಣ್ಣು ಅಷ್ಟು ಬಿಸಿ ಎಲ್ಲಿರುತ್ತದೆ? ಪಿಎಲ್‌ಎ ಅಂಥ ತಂಪು ಮಣ್ಣಿನಲ್ಲಿ ವರ್ಷಗಟ್ಟಲೆ ಕೂರುತ್ತದೆ. ಮಣ್ಣಿನಲ್ಲೇ ಕರಗಬೇಕು ಅನ್ನುವುದಕ್ಕೆ ಬೇರೆ ಮಾನದಂಡ ಇದೆ. ಗದ್ದೆಗೆ ಹೊದಿಸುವ ಹಾಳೆಗಾಗಿ ಯುರೋಪಿನವರು 2018ರಲ್ಲಿ ಮಾಡಿದ್ದು ಸಾಧಾರಣ ಮಣ್ಣಿನ ಬಿಸಿಯಲ್ಲಿ ಎರಡು ವರ್ಷದ ಗಡುವು ಕೊಡುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ನೋಡಿ, ಜೊತೆಗೆ ಕಾಂಪೋಸ್ಟಿಗೋ ಮಣ್ಣಿಗೋ ಅಂತಲೂ ಕೇಳಿ. ನೆಡುವಾಗ ಪಾಲಿಥೀನಿಗೆ ಮಾಡುವ ಹಾಗೆ ತಳ ಕತ್ತರಿಸಿ, ಸುತ್ತಿದ ತಾಯಿಬೇರಿನ ತುದಿ ತೆಗೆದು, ಕವರ್ ಸೀಳಿಯೇ ನೆಡಿ. ಸೀಳಿದ ಚೂರುಗಳನ್ನು ಕಾಫಿ ಸಿಪ್ಪೆ, ಸಗಣಿಯ ದೊಡ್ಡ ಗೊಬ್ಬರದ ಗುಡ್ಡೆಯ ನಡುವೆ ಹಾಕಿ. ಒಳ್ಳೇ ಗುಡ್ಡೆಯ ಹೊಟ್ಟೆಯಲ್ಲಿ 55, 60 ಡಿಗ್ರಿ ಬರುತ್ತದೆ. ಅದರ ಜಾಗ ಅದು. ಪುಡಿಯ ಪಾಲು ಮಾತ್ರ ಎಲ್ಲಿಯೂ ಕೊಳೆಯುವುದಿಲ್ಲ, ಟಾಲ್ಕ್ ಕಲ್ಲಾಗಿಯೇ ಉಳಿಯುತ್ತದೆ, ಸುಣ್ಣಕಲ್ಲು ಹುಳಿ ಮಣ್ಣಿನಲ್ಲಿ ನಿಧಾನಕ್ಕೆ ಕರಗುತ್ತದೆ.

ಲೋಟದ ವಿಷಯ ಚಿಕ್ಕದು. ಜೋಳದ ಪ್ಲಾಸ್ಟಿಕ್ ಅಂದರೆ ಪಿಎಲ್‌ಎಯೇ. ಪಿಎಲ್‌ಎ 55ರಿಂದ 60 ಡಿಗ್ರಿಗೆ ಮೆತ್ತಗಾಗುತ್ತದೆ. ನೀವು ಕೊಡುವ ಕಾಫಿ 70ರ ಮೇಲಿರುತ್ತದೆ. ಇಲ್ಲೂ ಕಲ್ಲು ನೆರವಿಗೆ ಬರುತ್ತದೆ, ಆದರೆ ಬೇರೆ ರೀತಿಯಲ್ಲಿ. ಸಕ್ಕರೆ ಪಾಕದಲ್ಲಿ ದಾರ ಇಳಿಬಿಟ್ಟರೆ ಅದರ ಸುತ್ತ ಕಲ್ಲುಸಕ್ಕರೆ ಹರಳುಗಟ್ಟುತ್ತದೆ. ನೂರಕ್ಕೆ ಒಂದು ಪಾಲು ಟಾಲ್ಕ್ ಪಿಎಲ್‌ಎಗೆ ಆ ದಾರದ ಹಾಗೆ. ಅಚ್ಚನ್ನು ಸುಮಾರು ನೂರು ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಪ್ಲಾಸ್ಟಿಕ್ ಹರಳುಗಟ್ಟಿ ಬಿಸಿಗೆ ಜಗ್ಗುವುದಿಲ್ಲ. ಅಚ್ಚು ತಣ್ಣಗಿದ್ದರೆ ಟಾಲ್ಕ್ ಹಾಕಿಯೂ ಪ್ರಯೋಜನವಿಲ್ಲ. ನೀವು ಮಾಡಬೇಕಾದ್ದು ಇಷ್ಟೇ: ಗಾಜಿನ ಹಾಗೆ ಪಾರದರ್ಶಕವಾದ ಪಿಎಲ್‌ಎ ಲೋಟವನ್ನು ಮಜ್ಜಿಗೆ, ಪಾನಕಕ್ಕೆ ಇಟ್ಟುಕೊಳ್ಳಿ. ಬಿಸಿಗೆ ಅಂತಲೇ ಮಾಡಿದ, ಅತ್ತಿತ್ತ ಕಾಣದ ಬಿಳಿ ಲೋಟ ಕೇಳಿ ತಗೊಳ್ಳಿ. ನಿಜ ಹೇಳಬೇಕೆಂದರೆ ಹೋಂಸ್ಟೇಯಲ್ಲಿ ಸ್ಟೀಲ್ ಲೋಟದ ಕಾಫಿಯೇ ನನಗೆ ಇಷ್ಟ.

ಈ ಸಲ ಹೊಸ ಕವರಿನಲ್ಲಿ ಐನೂರು ಸಸಿ ಮಾತ್ರ ಮಾಡಿ, ಉಳಿದದ್ದು ಎಂದಿನಂತೆ ಇರಲಿ. ಆರು ಪಾಲು ಕಾಡುಮಣ್ಣು, ಎರಡು ಪಾಲು ಗೊಬ್ಬರ, ಒಂದು ಪಾಲು ಮರಳು, ಅದೇ ಮಿಶ್ರಣವನ್ನು ಅದೇ ಕೈಗಳು ತುಂಬಲಿ. ತುಂಬುವಾಗ ಹರಿದದ್ದು ಎಷ್ಟು, ಏಪ್ರಿಲ್ ಮಳೆಯ ಮರುದಿನ ಎಷ್ಟು, ಸಾಗಿಸಲು ಎತ್ತಿದಾಗ ಎಷ್ಟು, ಮೂರು ಸಲ ಎಣಿಸಿ ಬರೆದಿಡಿ. ಹರಿದದ್ದು ಬೆಸುಗೆಯ ಗೆರೆಯಲ್ಲೋ, ಅದರ ಮೇಲೋ, ತೂತಿನಿಂದಲೋ ಅಂತಲೂ ಗುರುತು ಹಾಕಿ. ಜುಲೈನಲ್ಲಿ ಆ ಲೆಕ್ಕವನ್ನೂ ಹರಿದ ನಾಲ್ಕು ಕವರನ್ನೂ ನನಗೆ ಕಳಿಸಿ. ಮುಂದಿನ ವರ್ಷದ ಕವರಿಗೆ ಪುಡಿ ಎಷ್ಟಿರಬೇಕು, ಪಿಎಲ್‌ಎ ಎಷ್ಟು ಇಳಿಸಬೇಕು ಅಂತ ಆಗ ಇಬ್ಬರೂ ಕೂತು ನೋಡೋಣ.